ಬಚ್ಚಲು ನೀರಿನ ಮೂಲೆಗೆ ಸುಗಂಧಿಯೋ, ಚಂಗಲಕೋಷ್ಟವೋ?

ನಮ್ಮ ಬಚ್ಚಲು ನೀರು ಹೋಗಿ ನಿಲ್ಲುವ ಮೂಲೆಯಲ್ಲಿ ಸೇವಂತಿಗೆ ಕೊಳೆಯಿತು, ದಾಸವಾಳವೂ ಸೊರಗಿತು. ಮೂರು ವರ್ಷದ ಹಿಂದೆ ಮಳೆ ಹಿಡಿಯುವ ಹೊತ್ತಿಗೆ ಒಂದು ಬದಿಗೆ ಸುರುಳಿ ಸುಗಂಧಿ, ಇನ್ನೊಂದು ಬದಿಗೆ ಚಂಗಲಕೋಷ್ಟ ನೆಟ್ಟೆ. ಎರಡೂ ಶುಂಠಿಯ ನೆಂಟರೇ. ಒದ್ದೆ ಮಣ್ಣು, ಅರ್ಧ ನೆರಳು ಸಿಕ್ಕರೆ ಸಾಕು.

ಸುಗಂಧಿ ಗೆಡ್ಡೆ ಪಕ್ಕದ ಮನೆಯಿಂದ ಬಂತು. ಕೋಷ್ಟಕ್ಕೆ ಗೆಡ್ಡೆಯೇ ಬೇಕೆಂದಿಲ್ಲ. ಹಳ್ಳದ ಬದಿಯ ಗಿಡದಿಂದ ಗೇಣುದ್ದದ ಕಾಂಡ ತಂದು ಒದ್ದೆ ಮರಳಿನಲ್ಲಿ ಮಲಗಿಸಿದೆ, ಗಿಣ್ಣಿನಲ್ಲಿ ಮೊಳಕೆ ಬಂತು. ಅದಕ್ಕೂ ಮೊದಲು ಒಂದು ನರ್ಸರಿಯವರು ಕೋಷ್ಟ ಅಂತ ಇನ್ಸುಲಿನ್ ಗಿಡ ಕೊಟ್ಟು ಕಳಿಸಿದ್ದರು! ಅದರ ಹೂ ಕಿತ್ತಳೆ ಬಣ್ಣದ್ದು, ಊರು ಬ್ರೆಜಿಲ್ ಕಡೆ.

ಪರಿಮಳದಲ್ಲಿ ಸ್ಪರ್ಧೆಯೇ ಇಲ್ಲ. ಸಂಜೆ ಸುಗಂಧಿ ಅರಳಿದರೆ ಹಿತ್ತಲಿಗೆಲ್ಲ ಗೊತ್ತಾಗುತ್ತದೆ. ಆದರೆ ಅದರ ಜೇನು ಉದ್ದ ಕೊಳವೆಯ ತಳದಲ್ಲಿರುತ್ತದೆ. ಕತ್ತಲಾದ ಮೇಲೆ ಉದ್ದ ಸೊಂಡಿಲಿನ ಪತಂಗ ಬಂದು ಗಾಳಿಯಲ್ಲೇ ನಿಂತು ಹೀರುತ್ತದೆ. ಹಗಲಲ್ಲಿ ಅಲ್ಲಿ ನಾನು ಕಂಡ ಗಿರಾಕಿಗಳು ಕಮ್ಮಿ.

ಕೋಷ್ಟದ ಕಡೆ ಬೆಳಿಗ್ಗೆಯೇ ಸಂತೆ. ಕೆಂಪು ತೆನೆಯಿಂದ ದಿನಕ್ಕೆ ಒಂದೋ ಎರಡೋ ಬಿಳಿ ಹೂ, ಇಸ್ತ್ರಿ ಕಾಣದ ತೆಳು ಬಟ್ಟೆಯ ಹಾಗೆ. ದಪ್ಪ ಕರಿ ದುಂಬಿ ಗುಂಯ್ ಅನ್ನುತ್ತಾ ಬಂದು ಹೂವಿನೊಳಗೆ ಪೂರ್ತಿ ನುಗ್ಗುತ್ತದೆ. ಹೊರಗೆ ಬರುವಾಗ ಬೆನ್ನ ಮೇಲೆ ಪರಾಗ ಬಳಿದಿರುತ್ತದೆ. ತೆನೆಯ ಮೇಲೂ ಸಿಹಿ ಒಸರುವುದರಿಂದ ಇರುವೆಗಳು ಸದಾ ಕಾವಲು. ಸುಮ್ನೆ ಮುಟ್ಟಲು ಹೋಗಿ ಕಚ್ಚಿಸಿಕೊಂಡಿದ್ದೇನೆ.

ಇನ್ನೊಂದು ವಿಷಯ. ನಮ್ಮದೇ ಅಂದುಕೊಂಡ ಸುಗಂಧಿ ಹಿಮಾಲಯದ ಕಡೆಯಿಂದ ಬಂದದ್ದು. ಹವಾಯಿಯಲ್ಲಿ ಅದು ಕಳೆಯಾಗಿ ಕಾಡಿಗೆ ನುಗ್ಗಿದೆ. ನಮ್ಮಲ್ಲೂ ಎರಡೇ ವರ್ಷಕ್ಕೆ ಅದು ಕೋಷ್ಟದ ಬದಿಗೆ ಕಾಲು ಚಾಚಿತ್ತು. ಕೋಷ್ಟ ನಮ್ಮ ಘಟ್ಟದ್ದೇ ಗಿಡ.

ಕೋಷ್ಟದ ದೋಷ ಒಂದೇ: ಮಳೆ ಹೋದ ಮೇಲೆ ಎಲೆ ಉದುರಿ ಕಾಂಡ ಒಣಗುತ್ತದೆ. ಮುಂಗಾರಿನವರೆಗೆ ಮೂಲೆ ಬೋಳು. ಸತ್ತಿತು ಅಂತ ಮೊದಲ ವರ್ಷ ಅಗೆದೇಬಿಡುತ್ತಿದ್ದೆ.

ನನ್ನ ಓಟು ಕೋಷ್ಟಕ್ಕೆ. ಈ ಸಲ ಸುಗಂಧಿಯನ್ನು ಅರ್ಧ ಕಿತ್ತೆ. ಪೂರ್ತಿ ಕೀಳಲು ಅತ್ತೆ ಬಿಡಲಿಲ್ಲ. "ನಿನ್ನ ಕೋಷ್ಟ ಮುಡಿಯೋಕೆ ಬರತ್ತಾ?" ಅಂದರು.