ಮೆಜೆಸ್ಟಿಕ್ ರೈಲ್ವೆ ಸ್ಟೇಷನ್ ಎದುರು ‘ನಿಮ್ ಡ್ರೈವರೇ ಕಳ್ಸಿದ್ದು’ ಅಂದ್ರೆ ಹತ್ತಬೇಡಿ

ರಾತ್ರಿ ರೈಲಲ್ಲಿ ಬೆಂಗಳೂರಿಗೆ ಬಂದಿಳಿಯುವವರು, ಅದರಲ್ಲೂ ವಯಸ್ಸಾದವರನ್ನು ಕರೆದುಕೊಂಡು ಬರುವವರು, ಇದನ್ನು ಓದಿಕೊಳ್ಳಿ. ಸ್ಟೇಷನ್‌ನ ಮುಂಬಾಗಿಲಲ್ಲಿ ಸ್ಟ್ಯಾಂಡ್ ಆಟೊದವರಿಗೂ ಆ್ಯಪ್ ಗಾಡಿಗಳಿಗೂ ಜಾಗದ ಜಗಳ ನಡೆಯುತ್ತಲೇ ಇರುತ್ತದೆ. ಅದರ ಸಂದಿಯಲ್ಲಿ ನುಗ್ಗಿ ದುಡ್ಡು ಹೊಡೆಯುವವರು ಬೇರೆಯೇ ಇದ್ದಾರೆ.

ಹೋದ ಭಾನುವಾರ ಅಪ್ಪನ ಜೊತೆ ಹುಬ್ಬಳ್ಳಿಯಿಂದ ಬಂದಿಳಿದಾಗ ಬೆಳಗಿನ ಐದೂವರೆ. ಭಾನುವಾರ ಮೆಟ್ರೊ ಶುರುವಾಗುವುದೇ 7ಕ್ಕೆ. ಜಯನಗರಕ್ಕೆ ಕ್ಯಾಬ್ ಬುಕ್ ಮಾಡಿದೆ. ಎರಡೇ ನಿಮಿಷಕ್ಕೆ ಡ್ರೈವರ್ ಫೋನ್: ‘ಸಾರ್, ಮುಂದ್ಗಡೆ ನಿಲ್ಸಕ್ ಬಿಡಲ್ಲ, ಸ್ಟ್ಯಾಂಡ್‌ನೋರು ಗಲಾಟೆ ಮಾಡ್ತಾರೆ. ಹಿಂದಿನ ಗೇಟಿಗೆ ಬನ್ನಿ, ಓಕಳಿಪುರ ಕಡೆ.’ ಅಂದರೆ ಒಂದನೇ ಪ್ಲಾಟ್‌ಫಾರ್ಮ್‌ನಿಂದ ಹತ್ತನೆಯದರವರೆಗೂ ದಾಟಿ ಹೋಗಬೇಕು. ಅಪ್ಪನ ಮಂಡಿಗೆ ಅದು ಆಗುವ ಮಾತಲ್ಲ. ‘ಜಯನಗರ ಫೋರ್ತ್ ಬ್ಲಾಕ್, ಜೊತೇಲಿ ವಯಸ್ಸಾದವರಿದಾರೆ, ಇಲ್ಲೇ ಬನ್ನಿ’ ಅಂತ ನಾನು ಕೂಗಿ ಹೇಳುತ್ತಿದ್ದೆ.

ಅಷ್ಟು ಸಾಕಾಯಿತು. ಖಾಕಿ ಅಂಗಿಯವನೊಬ್ಬ ಪಕ್ಕಕ್ಕೆ ಬಂದ. ‘ಜಯನಗರ ಅಲ್ವಾ ಸಾರ್? ಅವ್ನು ನಮ್ ಹುಡ್ಗನೇ. ಕಾರು ಒಳಗ್ ಬಿಡಲ್ಲ, ಅದ್ಕೇ ನನ್ ಕಳ್ಸವ್ನೆ. ಆ್ಯಪಲ್ಲಿರೋ ರೇಟೇ ಕೊಡಿ. ಬನ್ನಿ ಯಜಮಾನ್ರೇ.’ ಡ್ರೈವರಿಗೆ ಮತ್ತೆ ಫೋನ್ ಹಚ್ಚಿದರೆ ಬ್ಯುಸಿ. ಅಷ್ಟರಲ್ಲಿ ಅಪ್ಪನ ಬ್ಯಾಗು ಆಟೊ ಸೇರಿತ್ತು, ಬ್ಯಾಗಿನ ಹಿಂದೆ ಅಪ್ಪನೂ ಹತ್ತಿದ್ದರು.

ಮೀಟರ್ ಹಾಕಲಿಲ್ಲ. ಹ್ಯಾಂಡಲ್ ಹತ್ತಿರ ರಬ್ಬರ್ ಬ್ಯಾಂಡ್ ಸುತ್ತಿದ್ದ ಫೋನಲ್ಲಿ ಆ್ಯಪಿನಂಥದ್ದೇ ಒಂದು ಮ್ಯಾಪು. ಟೌನ್‌ಹಾಲ್ ದಾಟಿ ಮಿನರ್ವ ಸರ್ಕಲ್‌ಗೆ ಬಂದರೂ ಅದರ ಬಾಣದ ಗುರುತು ಮೆಜೆಸ್ಟಿಕ್ ಬಿಟ್ಟು ಅಲ್ಲಾಡಿರಲಿಲ್ಲ! ಡ್ರೈವರ್ ಹೆಸರು, ಫೋಟೊ ಇರಬೇಕಾದ ಡಿಸ್‌ಪ್ಲೇ ಕಾರ್ಡ್ ತಿರುಗಿಸಿ ಸಿಕ್ಕಿಸಿದ್ದ. ಬಿಳಿ ಬೆನ್ನು ಮಾತ್ರ ಕಾಣುತ್ತಿತ್ತು. ಇಳಿಯುವಾಗ ಫೋನ್ ಮುಂದೆ ಹಿಡಿದ: 648 ರೂಪಾಯಿ. ‘ಒನ್ ಅಂಡ್ ಹಾಫ್ ಸಾರ್, ಲಗೇಜ್ ಬೇರೆ ಐತೆ.’

ಲೆಕ್ಕ ನೀವೇ ನೋಡಿ. 2025ರ ಆಗಸ್ಟ್ 1ರಿಂದ ಬೆಂಗಳೂರಿನ ಆಟೊ ದರ ಮೊದಲ 2 ಕಿ.ಮೀ.ಗೆ 36 ರೂಪಾಯಿ, ಆಮೇಲೆ ಕಿ.ಮೀ.ಗೆ 18. ಏಳು ಕಿ.ಮೀ. ಹಿಡಿದರೂ 126. ಒಂದೂವರೆ ಪಟ್ಟು ರಾತ್ರಿ 10ರಿಂದ ಬೆಳಿಗ್ಗೆ 5ರವರೆಗೆ ಮಾತ್ರ. 20 ಕೆ.ಜಿ.ವರೆಗಿನ ಲಗೇಜಿಗೆ ದುಡ್ಡೇ ಇಲ್ಲ. ‘ಇಷ್ಟ್ ದೂರಕ್ಕ ಇಷ್ಟ್ ರೊಕ್ಕೇನಪಾ?’ ಅಂತ ಅಪ್ಪ ಕೇಳಿದ್ದಕ್ಕೆ ಅವನ ದನಿ ಏರಿತು; ಇನ್ನೊಂದು ಆಟೊ ಬಂದು ಹಿಂದೆ ನಿಂತಿತು. ಅಪ್ಪ 500 ಕೊಟ್ಟು ಕೈಮುಗಿದರು.

ಸ್ಟ್ಯಾಂಡಿನವರನ್ನೆಲ್ಲ ಇದರಲ್ಲಿ ಸೇರಿಸಿ ಬೈಯುವುದು ತಪ್ಪು. ನಸುಕಿನಿಂದ ಸಾಲಲ್ಲಿ ನಿಂತವನ ಕಣ್ಣೆದುರೇ ಫೋನ್ ನೋಡಿಕೊಂಡು ಬಂದವನು ಗಿರಾಕಿ ಹತ್ತಿಸಿಕೊಂಡು ಹೋದರೆ ಹೊಟ್ಟೆ ಉರಿಯದೇ ಇರುತ್ತದೆಯೇ? ಆ ಸಿಟ್ಟೂ ಸೇರಿಕೊಂಡೇ 2023ರ ಸೆಪ್ಟೆಂಬರ್ 11ರಂದು ಖಾಸಗಿ ಸಾರಿಗೆಯವರು ಬಂದ್ ಮಾಡಿದ್ದರು. ಬೈಕ್ ಟ್ಯಾಕ್ಸಿ ವಿಷಯ ಹೈಕೋರ್ಟ್‌ವರೆಗೂ ಹೋಗಿ, 2025ರ ಜೂನ್ 16ರಿಂದ ಅವನ್ನು ನಿಲ್ಲಿಸಬೇಕಾಗಿ ಬಂತು. ನನಗೆ ಹೆಚ್ಚು ಸಿಟ್ಟಿರುವುದು ಆ್ಯಪ್ ಕಂಪನಿ ಮೇಲೆ. ತನ್ನ ಡ್ರೈವರ್ ಮುಂದಿನ ಗೇಟಿಗೆ ಬರಲಾರ ಅಂತ ಗೊತ್ತಿದ್ದೂ ಪಿಕಪ್ ಪಾಯಿಂಟ್ ಅಲ್ಲೇ ತೋರಿಸುತ್ತದೆ. ಆ ಗೊಂದಲವೇ ಇಂಥವರ ಬಂಡವಾಳ.

ನಿಮ್ಮ ರೈಡು ಒಟಿಪಿ ಇಲ್ಲದೆ ಶುರುವಾಗುವುದಿಲ್ಲ. ‘ಕಳಿಸಿದ್ದಾನೆ’ ಅನ್ನುವವನು ಒಟಿಪಿ ಕೇಳದಿದ್ದರೆ ಅಲ್ಲಿಗೇ ತಿಳಿದುಕೊಳ್ಳಿ. ಕೇಳಿದರೂ ನಂಬರ್ ಪ್ಲೇಟ್ ತಾಳೆಯಾಗದೆ ಹೇಳಬೇಡಿ. ಫೋನಲ್ಲಿ ಹೋಗುವ ಜಾಗದ ಹೆಸರು ಕೂಗಬೇಡಿ, ಬ್ಯಾಗು ಕೈಬಿಡಬೇಡಿ. ನಡೆಯಬಲ್ಲವರು ಮೊದಲೇ ಹಿಂದಿನ ಗೇಟಿಗೆ ಹೋಗಿ, ಅಲ್ಲಿಂದ ಬುಕ್ ಮಾಡಿ. ಆಗದವರಿಗೆ ಮುಂದುಗಡೆ ಪ್ರೀಪೇಯ್ಡ್ ಆಟೊ ಕೌಂಟರ್ ಇದೆ. ಕ್ಯೂ ಉದ್ದ ಇದ್ದರೂ ಚೀಟಿಯಲ್ಲಿ ದರ ಬರೆದಿರುತ್ತದೆ. ಸ್ಟೇಷನ್ ಆವರಣದೊಳಗೆ ತಕರಾರಾದರೆ ರೈಲ್ವೆ ಸಹಾಯವಾಣಿ 139ಕ್ಕೆ, ರಸ್ತೆಗೆ ಬಿದ್ದ ಮೇಲೆ ಪೊಲೀಸರ 112ಕ್ಕೆ ಫೋನ್ ಮಾಡಿ.

ಅಸಲಿ ಕ್ಯಾಬಿನವನು ಓಕಳಿಪುರದಲ್ಲಿ ಕಾದು ಕ್ಯಾನ್ಸಲ್ ಮಾಡಿದ್ದ, ಆ ಶುಲ್ಕವೂ ನನ್ನ ತಲೆಗೇ ಬಂದಿದೆ. ಕಂಪನಿಗೆ ಬರೆದರೆ, ‘ನೀವು ಹೋದ ಆಟೊ ನಮ್ಮದಲ್ಲ’ ಎಂಬ ಸಿದ್ಧ ಉತ್ತರ. ಆಟೊ ನಂಬರ್ ಹಾಕಿ ಪೊಲೀಸರಿಗೆ ದೂರು ಕೊಟ್ಟಿದ್ದೇನೆ, ಹಾಗಾಗಿ ಅದನ್ನು ಇಲ್ಲಿ ಬರೆಯುತ್ತಿಲ್ಲ.