ಮೊದಲು ಲೂಸಿಯೆನಾ, ಬೊಲಿಂಗಾ?

ಜಾಝ್ ಮತ್ತು ಪಾಶ್ಚಾತ್ಯ ಶಾಸ್ತ್ರೀಯ ಸಂಗೀತ ಬೆರೆತ, ಹಾಡಿಲ್ಲದ ಒಂದು ಆಲ್ಬಂ ಹೇಳು ಎಂದು ತಮ್ಮ ಕೇಳಿದ. ಬಳ್ಳಾರಿಯ ಬಿಸಿಲು ಇಳಿದ ಮೇಲೆ ಮಾಳಿಗೆಯಲ್ಲಿ ಕೂತು ಕೇಳೋಕಂತೆ. ನನ್ನ ಬಳಿ ಇದ್ದದ್ದು ಎರಡು, ಎರಡೂ ಫ್ರಾನ್ಸಿನವು.

ಒಂದು, ಪಿಯಾನೊ ವಾದಕ ಜಾಕ್ ಲೂಸಿಯೆಯ 1959ರ ಚೊಚ್ಚಲ ಆಲ್ಬಂ 'ಪ್ಲೇ ಬಾಕ್'. ಪಿಯಾನೊ, ಡಬಲ್ ಬಾಸ್ (ಮಂದ್ರ ಸ್ವರದ ದೊಡ್ಡ ತಂತಿವಾದ್ಯ), ಡ್ರಮ್ಸ್, ಅಷ್ಟೇ. ಹಳೆಯ ಜರ್ಮನ್ ಶಾಸ್ತ್ರೀಯ ಸಂಗೀತಕಾರ ಬಾಕ್‌ನ ರಚನೆ ಮೊದಲು ನೆಟ್ಟಗೆ ಬರುತ್ತದೆ, ಆಮೇಲೆ ಮೆಲ್ಲಗೆ ಜಾಝ್ ಲಯಕ್ಕೆ ಜಾರುತ್ತದೆ. ನಮ್ಮವರು ಬಂದಿಶ್ ಹೇಳಿ ನಂತರ ಬೆಳೆಸುತ್ತಾರಲ್ಲ, ಹೆಚ್ಚುಕಡಿಮೆ ಹಾಗೆ. ಆದರೆ ಮೂಲ ಬಾಕ್ ಸ್ವಲ್ಪವಾದರೂ ಕೇಳಿದವರಿಗೆ ಇದರ ತುಂಟತನ ಜಾಸ್ತಿ ಹಿಡಿಸುತ್ತದೆ.

ಇನ್ನೊಂದು, ಜಾಝ್ ಪಿಯಾನೊ ವಾದಕ ಕ್ಲೋಡ್ ಬೊಲಿಂಗ್‌ನ 1975ರ ಕೊಳಲು ಸೂಟ್, ಅಂದರೆ ಹಲವು ಭಾಗಗಳ ವಾದ್ಯರಚನೆ. ಇಲ್ಲಿ ಏನನ್ನೂ ಎರವಲು ತಂದಿಲ್ಲ. ಏಳು ಭಾಗಗಳನ್ನೂ ಬೊಲಿಂಗ್ ಹೊಸದಾಗಿ ಬರೆದ. ಶಾಸ್ತ್ರೀಯ ವಾದಕ ಜ್ಯಾಂ-ಪಿಯೇರ್ ರಾಂಪಾಲ್ ಕೊಳಲು ನುಡಿಸಿದರೆ, ಪಕ್ಕದಲ್ಲೇ ಮೂವರ ಜಾಝ್ ತಂಡ ತೂಗುತ್ತಿರುತ್ತದೆ. ಒಮ್ಮೊಮ್ಮೆ ತೀರಾ ಸಿಹಿ ಅನ್ನಿಸುವುದೂ ಉಂಟು.

ಕೊಳಲು ಕೇಳಿ ಬೆಳೆದ ಕಿವಿ ಅಲ್ವಾ, ತಮ್ಮನಿಗೆ ಬೊಲಿಂಗ್ ಕೊಟ್ಟೆ. ನನ್ನ ಮನಸ್ಸು ಮಾತ್ರ ಲೂಸಿಯೆ ಕಡೆಗೇ. ಯಾವುದಾದರೂ ಸರಿ, ಹೆಡ್‌ಫೋನ್ ಹಾಕಿಕೊಳ್ಳಿ. ಫೋನಿನ ಸ್ಪೀಕರಿನಲ್ಲಿ ಬಾಸ್ ಕೇಳಿಸುವುದೇ ಇಲ್ಲ.