ಒಣಗಣ್ಣಿನ ಚಿತ್ರಪರೀಕ್ಷೆ: ಮಾಟುಂಗದ ಒಂದು ಚಿಕಿತ್ಸಾಲಯದ ಸೇವೆ

ಕಣ್ಣುರಿ, ಮರಳು ಬಿದ್ದಂತಹ ಕಿರಿಕಿರಿ ಇರುವ ಮುಂಬಯಿ ಕನ್ನಡಿಗರಿಗೆ ಮಾಟುಂಗದ ಈ ಚಿಕಿತ್ಸಾಲಯದ ಒಣಗಣ್ಣು ವಿಭಾಗವನ್ನು ನಾನು ನಿಸ್ಸಂಕೋಚವಾಗಿ ಸೂಚಿಸುತ್ತೇನೆ. ನನ್ನ ತಾಯಿಯವರ ತಪಾಸಣೆ ನಡೆದದ್ದು ಇಲ್ಲಿಯೇ.

ಇಲ್ಲಿ ನನಗೆ ಬಹಳ ಮೆಚ್ಚಿಗೆಯಾದದ್ದು ಪರೀಕ್ಷೆಗಳ ಕ್ರಮ. ಔಷಧದ ಹನಿಯನ್ನಾಗಲಿ ಕಾಗದದ ಪಟ್ಟಿಯನ್ನಾಗಲಿ ಕಣ್ಣಿಗೆ ಹಾಕಿದ ಮರುಕ್ಷಣವೇ ಕಣ್ಣೀರಿನ ಸಹಜ ಸ್ಥಿತಿ ಬದಲಾಗುವುದರಿಂದ, ಕ್ಯಾಮೆರಾದ ಪರೀಕ್ಷೆಗಳನ್ನೆಲ್ಲ ಇವರು ಮೊದಲೇ ಮುಗಿಸಿಕೊಳ್ಳುತ್ತಾರೆ. ಕಾರ್ನಿಯಾದ, ಅಂದರೆ ಕಣ್ಣಿನ ಮುಂಭಾಗದ ಪಾರದರ್ಶಕ ಪದರದ, ಮೇಲೆ ಬೆಳಕಿನ ಉಂಗುರಗಳ ಪ್ರತಿಬಿಂಬ ಮೂಡಿಸಿ, ರೆಪ್ಪೆ ಬಡಿದ ಎಷ್ಟು ಸೆಕೆಂಡಿಗೆ ಆ ಉಂಗುರಗಳು ಸೊಟ್ಟಗಾಗುತ್ತವೆ ಎಂಬುದನ್ನು ಯಂತ್ರ ಗುರುತಿಸುತ್ತದೆ. ಉಂಗುರ ಸೊಟ್ಟಗಾದರೆ ಕಣ್ಣೀರಿನ ಪದರ ಒಡೆದಿದೆ ಎಂದರ್ಥ; 10 ಸೆಕೆಂಡಿಗಿಂತ ಮೊದಲೇ ಹಾಗಾದರೆ ಅದು ಒಣಗಣ್ಣಿನ ಒಂದು ಲಕ್ಷಣ. ಕೆಳರೆಪ್ಪೆಯ ಅಂಚಿನಲ್ಲಿ ನಿಂತ ಕಣ್ಣೀರಿನ ಎತ್ತರವನ್ನು, ಬೆಳಕಿನಿಂದಲೇ ಅಡ್ಡಸೀಳಿನ ಚಿತ್ರ ತೆಗೆಯುವ ಓಸಿಟಿ ಯಂತ್ರ ಅಳೆಯುತ್ತದೆ.

ಎಲ್ಲಕ್ಕಿಂತ ಉಪಯುಕ್ತವಾದದ್ದು ಮೈಬೋಗ್ರಫಿ, ಅಂದರೆ ರೆಪ್ಪೆಯ ಎಣ್ಣೆಗ್ರಂಥಿಗಳ ಚಿತ್ರ ತೆಗೆಯುವ ಪರೀಕ್ಷೆ. ಕಣ್ಣೀರು ಬೇಗ ಆವಿಯಾಗದಂತೆ ಅದರ ಮೇಲೆ ಎಣ್ಣೆಯ ತೆಳುಪದರ ಹರಡುವ ಗ್ರಂಥಿಗಳು ರೆಪ್ಪೆಯೊಳಗಿವೆ. 1666ರಲ್ಲಿ ಅವುಗಳನ್ನು ವಿವರಿಸಿದ ಹೈನ್ರಿಕ್ ಮೈಬೋಮ್ ಅವರ ಹೆಸರೇ ಅವಕ್ಕೆ ಉಳಿದಿದೆ. ರೆಪ್ಪೆಯನ್ನು ಮಗುಚಿ ಅವಕೆಂಪು ಬೆಳಕಿನಲ್ಲಿ ಚಿತ್ರ ತೆಗೆದಾಗ ಆರೋಗ್ಯವಂತ ಗ್ರಂಥಿಗಳು ಸಾಲಾಗಿ ಬಿಳಿ ಗೆರೆಗಳಂತೆ ತೋರುತ್ತವೆ, ನಶಿಸಿದ ಕಡೆ ಕಪ್ಪಾಗಿರುತ್ತದೆ. ಅಮ್ಮನಿಗೆ ಕಣ್ಣೀರು ಸಾಕಷ್ಟಿತ್ತು, ಆದರೆ ಗ್ರಂಥಿಗಳು ಮೊಟಕಾಗಿದ್ದವು. ವರ್ಷಗಳಿಂದ ಬರಿಯ ಕೃತಕ ಕಣ್ಣೀರಿನ ಹನಿಯನ್ನೇ ನೆಚ್ಚಿದ್ದವರಿಗೆ ಬಿಸಿ ಶಾಖ, ರೆಪ್ಪೆಯ ಮಾಲೀಸು, ಅಂಚಿನ ಸ್ವಚ್ಛತೆ ಏಕೆ ಬೇಕೆಂಬುದು ಆ ಚಿತ್ರ ಕಂಡಾಗಲೇ ಮನವರಿಕೆಯಾಯಿತು. ವೈದ್ಯರು ಆ ಚಿತ್ರವನ್ನು ಅವಸರಿಸದೆ, ತಿಳಿಯಾದ ಹಿಂದಿಯಲ್ಲಿ ವಿವರಿಸಿದರು. ಚಿತ್ರಗಳಿಗಷ್ಟೇ ಜೋತುಬೀಳದೆ ಕೊನೆಯಲ್ಲಿ ಫ್ಲೋರೆಸೀನ್ ಬಣ್ಣ ಹಾಕಿ ಕಾರ್ನಿಯಾದ ಮೇಲ್ಮೈಯನ್ನೂ ಪರೀಕ್ಷಿಸಿದರು. ಮೇಲ್ಮೈ ತರಚಿದೆಯೇ ಎಂಬುದನ್ನು ಗ್ರಂಥಿಯ ಚಿತ್ರ ಹೇಳಲಾರದು.

ಕೊರತೆಗಳೂ ಇವೆ. ಯಂತ್ರದ ಮುಂದಿನ ಕುರ್ಚಿಗೆ ಎಸಿಯ ಗಾಳಿ ನೇರವಾಗಿ ಬಡಿಯುತ್ತಿತ್ತು. ಗಾಳಿ ಬೀಸಿದರೆ ಕಣ್ಣೀರ ಪದರ ಬೇಗ ಒಡೆಯುವುದರಿಂದ ಇದು ಅನುಕೂಲದ ಮಾತಲ್ಲ, ಅಳತೆಯ ನಿಖರತೆಯ ಮಾತು. ನಾವು ಹೇಳಿದ ಮೇಲೆ ಅದನ್ನು ನಿಲ್ಲಿಸಿದರು. ಕರಪತ್ರದಲ್ಲಿ, ಕಾರ್ನಿಯಾದ ಜೀವಕೋಶಗಳನ್ನು ಹಿಗ್ಗಿಸಿ ತೋರಿಸುವ ಕಾನ್‌ಫೋಕಲ್ ಮೈಕ್ರೊಸ್ಕೋಪಿಯನ್ನೂ ‘ಕಣ್ಣು ಮುಟ್ಟದ’ ಪರೀಕ್ಷೆಗಳ ಸಾಲಿಗೆ ಸೇರಿಸಿದ್ದಾರೆ. ಅಮ್ಮನಿಗೆ ಅದರ ಅಗತ್ಯ ಬೀಳಲಿಲ್ಲ; ಆದರೆ ಸಾಮಾನ್ಯವಾಗಿ ಆ ಪರೀಕ್ಷೆಗೆ ಅರಿವಳಿಕೆಯ ಹನಿ ಹಾಕಿ ಕಾರ್ನಿಯಾಕ್ಕೆ ಉಪಕರಣ ತಾಗಿಸಬೇಕಾಗುತ್ತದೆ. ವೃದ್ಧರಿಗೆ ಇದನ್ನು ಮುಂಚಿತವಾಗಿ ತಿಳಿಸುವುದು ಒಳ್ಳೆಯದು. ವರದಿಯ ಜೊತೆ ಕೊಟ್ಟ ಕಪ್ಪುಬಿಳುಪು ಮುದ್ರಣದಲ್ಲಿ ಗ್ರಂಥಿಗಳು ಕಾಣಿಸುವುದೇ ಇಲ್ಲ. ಮುಂದಿನ ತಪಾಸಣೆಯಲ್ಲಿ ಹೋಲಿಸಿ ನೋಡಲು ಮೂಲ ಚಿತ್ರಗಳು ಅಗತ್ಯವಾದ್ದರಿಂದ, ಹೋಗುವವರು ಅವುಗಳನ್ನು ಅಂದೇ ಮೊಬೈಲಿಗೆ ಕೇಳಿ ಪಡೆಯಬೇಕು. ಕಾಂಟ್ಯಾಕ್ಟ್ ಲೆನ್ಸ್ ಧರಿಸುವವರು, ಹನಿಔಷಧ ಬಳಸುವವರು ಎಷ್ಟು ಹೊತ್ತು ಮೊದಲು ಅವನ್ನು ನಿಲ್ಲಿಸಬೇಕೆಂದು ಸಮಯ ಗೊತ್ತುಮಾಡುವಾಗಲೇ ವಿಚಾರಿಸಿಕೊಳ್ಳಿ.